ಒಳಗಿನ ಇನ್‌ಸ್ಪೆಕ್ಷನ್

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಜೀರ್ಣಾಂಗವ್ಯೂಹಕ್ಕೆ ನಾಲ್ಕು ಪೀರಿಯಡ್ ಇಟ್ಟುಕೊಳ್ಳುತ್ತಿದ್ದೆ. ಬಾಯಿ, ಹಲ್ಲು, ಜೊಲ್ಲುರಸಕ್ಕೆ ಒಂದು. ಅನ್ನನಾಳ, ಜಠರಕ್ಕೆ ಒಂದು. ಪಿತ್ತಕೋಶ, ಮೇದೋಜೀರಕ ಗ್ರಂಥಿಗೆ ಮತ್ತೊಂದು. ನಾಲ್ಕನೆಯದರಲ್ಲಿ ಸಣ್ಣಕರುಳಿನ ಸಂದುಗೊಂದಿಗಳಲ್ಲೆಲ್ಲ ಮಕ್ಕಳನ್ನು ಸುತ್ತಾಡಿಸಿ, ದೊಡ್ಡಕರುಳಿಗೆ ಬರುವ ಹೊತ್ತಿಗೆ ಬೆಲ್ಲಿಗೆ ಮೂರೇ ನಿಮಿಷ ಉಳಿದಿರುವಂತೆ ನೋಡಿಕೊಳ್ಳುತ್ತಿದ್ದೆ. “ದೊಡ್ಡಕರುಳು ನೀರನ್ನ ಹೀರ್ಕೊಳ್ಳುತ್ತೆ, ಮಿಕ್ಕಿದ್ದು ಹೊರಗೆ ಹೋಗುತ್ತೆ, ಚಿತ್ರ ಬರ್ಕೊಳ್ಳಿ.” ಆ ಮಿಕ್ಕಿದ್ದರ ಹೆಸರೆತ್ತಿದರೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು. ಗುದನಾಳ, ಗುದದ್ವಾರ ಎಂಬೆರಡು ಪದಗಳನ್ನು ಬಾಣದ ಗುರುತು ಹಾಕಿ ಬೋರ್ಡಿನ ಮೇಲೆ ಬರೆಯುತ್ತಿದ್ದೆನೇ ಹೊರತು ಬಾಯಿಬಿಟ್ಟು ಓದಿದ್ದು ನೆನಪಿಲ್ಲ. ಮೂರು ನಿಮಿಷದಲ್ಲಿ ಹಾಗೆ ದಾಟಿಸಿಬಿಡುತ್ತಿದ್ದ ಐದಡಿಯ ಆ ಕರುಳು, ನಾನು ನಿವೃತ್ತನಾದ ಮರುವರ್ಷ ಬಡ್ಡಿಸಮೇತ ವಸೂಲಿಗೆ ಬಂತು.

ಡಾಕ್ಟರ ಹತ್ತಿರ ಹೋಗಿದ್ದು ಗ್ಯಾಸ್ಟ್ರಿಕ್ ಅಂತ. ನಮ್ಮ ಕಡೆ ಎದೆ ಉರಿದರೂ ಗ್ಯಾಸ್ಟ್ರಿಕ್ಕು, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್ಕು, ಬೀಗರ ಮಾತು ಜೀರ್ಣವಾಗದಿದ್ದರೂ ಗ್ಯಾಸ್ಟ್ರಿಕ್ಕು. ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಹೊಟ್ಟೆ ಒತ್ತಿ ನೋಡಿ, ಒಂದು ಮಾತ್ರೆ ಬರೆದು, ಇನ್ನೇನು ನಾನು ಏಳಬೇಕು ಅನ್ನುವಾಗ ಕೇಳಿದರು: “ನಿಮ್ಮ ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ ಸಾರ್?”

“ನಮ್ಮಪ್ಪನಿಗಿತ್ತು. 1994ರಲ್ಲಿ.”

“ಹಾಗಿದ್ರೆ ನೀವು ನಲವತ್ತಕ್ಕೇ ಒಂದು ಕೊಲೊನೋಸ್ಕೋಪಿ ಮಾಡಿಸ್ಕೋಬೇಕಿತ್ತಲ್ವಾ ಸಾರ್?”

ಇಪ್ಪತ್ತೊಂದು ವರ್ಷ ತಡವಾಗಿ ಕ್ಲಾಸಿಗೆ ಬಂದವನ ಹಾಗೆ ನಿಂತುಕೊಂಡೆ. ಅಪ್ಪ, ಅವ್ವ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ 40ನೇ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗೆ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ, ದೊಡ್ಡಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿಕೊಳ್ಳಬೇಕಂತೆ. ಮನೆತನದಲ್ಲಿ ಯಾರಿಗೂ ಇಲ್ಲದವರಿಗೆ ಅಮೆರಿಕದಲ್ಲಿ 50 ಅಂತ ಇದ್ದದ್ದನ್ನು 2021ರಲ್ಲಿ 45ಕ್ಕೆ ಇಳಿಸಿದ್ದಾರೆ. ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆಯ ಪಟ್ಟಿಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಇವೆ, ಕರುಳು ಇಲ್ಲ. ಯಾರಾದರೂ ಎದುರು ಕೂರಿಸಿಕೊಂಡು ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪರೀಕ್ಷೆಯ ತಯಾರಿಗೆಂದು ಕೈಗೆ ಒಂದು ಜೆರಾಕ್ಸ್ ಹಾಳೆ ಬಂತು. ಮೂರು ದಿನ ಮೊದಲಿನಿಂದ ರಾಗಿ ಬೇಡ, ಸೊಪ್ಪು ಬೇಡ, ಕಾಳು ಬೇಡ, ಬೀಜವಿರುವ ಹಣ್ಣು ತರಕಾರಿ ಬೇಡ. ಹಾಸನ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಇದನ್ನು ಕೊಟ್ಟರೆ ಇನ್ನೇನು ಉಳಿಯಿತು? ಮುದ್ದೆ, ಬಸ್ಸಾರು, ಹುರುಳಿಕಟ್ಟು ಎಲ್ಲ ಒಂದೇ ಏಟಿಗೆ ಹೋಯಿತು. “ಮತ್ತೆ ಇವರಿಗೇನು ಹಾಕ್ಲಿ ಡಾಕ್ಟ್ರೇ?” ಎಂದು ನನ್ನ ಹೆಂಡತಿ ಕೇಳಿದಳು. ಬಿಳಿ ಅನ್ನ, ಮಜ್ಜಿಗೆ, ಇಡ್ಲಿ, ಬ್ರೆಡ್ಡು. ಅಂದರೆ ಜ್ವರದವರ ಊಟ, ಜ್ವರವಿಲ್ಲದೆ. ನಾರು, ಬೀಜ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತವೆ. ಸೀಬೆಬೀಜ, ಟೊಮೇಟೊ ಬೀಜ ಯಂತ್ರದ ಹೀರುಕೊಳವೆಯಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ. ಬೀಟ್‌ರೂಟೂ ಬೇಡ, ಕೆಂಪು ಶರಬತ್ತೂ ಬೇಡ. ಒಳಗೆ ನೋಡುವಾಗ ರಕ್ತವೋ ಶರಬತ್ತೋ ತಿಳಿಯದೆ ಹೋಗಬಾರದಲ್ಲ. ಕಬ್ಬಿಣಾಂಶದ ಮಾತ್ರೆ ನುಂಗುವವರು ವಾರದ ಮೊದಲೇ ನಿಲ್ಲಿಸಬೇಕು. ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಬೇಕು, ತಾವಾಗಿ ನಿಲ್ಲಿಸಲೂಬಾರದು, ಸುಮ್ಮನೆ ನುಂಗಲೂಬಾರದು. ನನ್ನ ಬಿಪಿ ಮಾತ್ರೆಗೆ ಮಾತ್ರ ಒಂದು ಗುಟುಕು ನೀರಿನ ರಿಯಾಯಿತಿ ಸಿಕ್ಕಿತು.

ಹಿಂದಿನ ದಿನ ಆ ಅನ್ನವೂ ಇಲ್ಲ. ಎಳನೀರು, ಸೋಸಿದ ಬೇಳೆಕಟ್ಟು, ಹಾಲಿಲ್ಲದ ಕಾಫಿ. ಹಾಲಿಲ್ಲದ ಕಾಫಿಯನ್ನು ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಕುಡಿಯುತ್ತಾರೆಂದು ಗೊತ್ತು. ಅವರ ಬಗ್ಗೆ ನನಗೆ ಅವತ್ತಿನಿಂದ ಮರುಕ.

ಸಾಯಂಕಾಲ ಆರಕ್ಕೆ ಪುಡಿ. ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಒಂದಷ್ಟು ಲವಣ, ಎರಡು ಲೀಟರ್ ನೀರಿಗೆ ಒಂದು ಪೊಟ್ಟಣ. ಅರ್ಧ ಅವತ್ತು ಸಂಜೆ, ಇನ್ನರ್ಧ ಬೆಳಗಿನ ಜಾವ ನಾಲ್ಕಕ್ಕೆ. ಕಾಲು ಗಂಟೆಗೊಂದು ಲೋಟದಂತೆ. ಒಂದೇ ಸಲಕ್ಕೆ ಕುಡಿದು ಮಲಗಿದರೆ ಬೆಳಗಾಗುವ ಹೊತ್ತಿಗೆ ಸಣ್ಣಕರುಳಿನಿಂದ ಮತ್ತೆ ಕೊಳೆ ಇಳಿದು ಬಂದಿರುತ್ತದೆ, ಅದಕ್ಕೇ ಎರಡು ಕಂತು. ರುಚಿಯನ್ನು ಹೇಗೆ ಹೇಳಲಿ? ಮಲ್ಪೆಯ ಸಮುದ್ರದ ನೀರಿಗೆ ನಿಂಬೆಹಣ್ಣನ್ನು ದೂರದಿಂದ ತೋರಿಸಿ ತಂದ ಹಾಗಿತ್ತು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದರೆ ಸ್ವಲ್ಪ ವಾಸಿ. ಎರಡನೆಯ ಲೋಟ ಮೊದಲನೆಯದಕ್ಕಿಂತ ಕಷ್ಟ, ಮೂರನೆಯದರ ಹೊತ್ತಿಗೆ ನಾಲಿಗೆ ರಾಜೀನಾಮೆ ಕೊಟ್ಟಿರುತ್ತದೆ.

ಭೇದಿಗೆ ಕೊಡುವುದು ನನಗೇನೂ ಹೊಸದಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಎರಡು ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ನಮ್ಮನ್ನೆಲ್ಲ ಜಗುಲಿಯ ಮೇಲೆ ಸಾಲಾಗಿ ಕೂರಿಸಿ ಹರಳೆಣ್ಣೆ ಹುಯ್ಯುತ್ತಿದ್ದಳು. ಮೂಗು ಹಿಡಿದು, ಒಳಲೆ ಬಾಯಿಗಿಟ್ಟು, ಗಂಟಲಿಗೆ ಇಳಿಯುವ ತನಕ ಕೈ ತೆಗೆಯುತ್ತಿರಲಿಲ್ಲ. ಮಧ್ಯಾಹ್ನ ಮೆಣಸಿನ ಸಾರು ಅನ್ನ. ಹರಳೆಣ್ಣೆ ಕರುಳನ್ನು ಕೆರಳಿಸಿ ಕೆಲಸ ಮಾಡಿಸುತ್ತದೆ, ಹೊಟ್ಟೆ ನುಲಿಯುತ್ತದೆ. ಈ ಪುಡಿ ಹಾಗಲ್ಲ. ಮೈಗೆ ಹೀರಿಕೆಯಾಗುವುದೇ ಇಲ್ಲ. ಕುಡಿದ ನೀರನ್ನು ತನ್ನ ಜೊತೆಗೇ ಹಿಡಿದಿಟ್ಟುಕೊಂಡು ಈ ತುದಿಯಿಂದ ಆ ತುದಿಗೆ ತೊಳೆದುಕೊಂಡು ಹೋಗುತ್ತದೆ. ಪಾಠ ಮಾಡುವಾಗ ಇದು ಗೊತ್ತಿದ್ದಿದ್ದರೆ ದೊಡ್ಡಕರುಳಿಗೆ ಇನ್ನೆರಡು ನಿಮಿಷ ಕೊಡುತ್ತಿದ್ದೆನೇನೋ.

ಮೊದಲ ಒಂದು ಗಂಟೆ ಏನೂ ಆಗಲಿಲ್ಲ. “ನನಗಿದೆಲ್ಲ ನಾಟಲ್ಲ ಕಣೇ, ಗಟ್ಟಿ ಹೊಟ್ಟೆ” ಎಂದು ಹೆಂಡತಿಗೆ ಹೇಳಿ, ಪೇಪರ್ ತೆಗೆದುಕೊಂಡು ಕೂತೆ. ಜುಲೈ ತಿಂಗಳು. ಕನ್ನಂಬಾಡಿ ಕಟ್ಟೆಯ ಒಳಹರಿವು ಇಷ್ಟು ಸಾವಿರ ಕ್ಯುಸೆಕ್, ಹೊರಹರಿವು ಇಷ್ಟು ಎಂದು ಓದುತ್ತಿದ್ದಂತೆಯೇ ಒಳಗೆಲ್ಲೋ ದೂರದಲ್ಲಿ ಗುಡುಗಿದ ಹಾಗಾಯಿತು. ಎದ್ದೆ. ಕ್ರೆಸ್ಟ್ ಗೇಟು ಯಾರೋ ತೆಗೆದರು. ನದಿಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ತೆರಳಬೇಕೆಂದು ತಹಶೀಲ್ದಾರರು ಯಾಕೆ ಡಂಗುರ ಹೊಡೆಸುತ್ತಾರೆ ಅನ್ನುವುದು ಆ ಹೊತ್ತು ಚೆನ್ನಾಗಿ ಅರ್ಥವಾಯಿತು. ನಾನು ಹಾಕಿಕೊಂಡಿದ್ದು ಲಾಡಿಯ ಪೈಜಾಮ. ಲಾಡಿ ಎಳೆದ ಕಡೆ ಗಂಟು ಬಿತ್ತು. ಮುಂದಿನದನ್ನು ಬರೆಯುವುದಿಲ್ಲ. “ಪಂಚೆ ಉಟ್ಕೊಳ್ಳಿ ಅಂತ ಬಡ್ಕೊಂಡೆ ನಾನು” ಎಂದು ಬಚ್ಚಲಿನ ಆಚೆಯಿಂದ ದನಿ ಬಂತು. ಹೋಗುವವರು ಯಾರೇ ಆಗಲಿ, ಪಂಚೆಯೋ ಲುಂಗಿಯೋ ನೈಟಿಯೋ ಉಟ್ಟುಕೊಳ್ಳಿ, ಕಕ್ಕಸಿನ ಪಕ್ಕದ ಕೋಣೆಯಲ್ಲೇ ಹಾಸಿಗೆ ಹಾಕಿಸಿಕೊಳ್ಳಿ, ಕೊಬ್ಬರಿ ಎಣ್ಣೆಯ ಬಾಟಲಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಹತ್ತನೇ ಸಲಕ್ಕೆ ಅದರ ಬೆಲೆ ತಿಳಿಯುತ್ತದೆ.

ರಾತ್ರಿ ಹನ್ನೊಂದರ ನಂತರ ಸ್ವಲ್ಪ ಬಿಡುವಾಯಿತು. ಮೂರೂವರೆಗೆ ಎಚ್ಚರವಾದಾಗ ಮನೆ ನಿಶ್ಶಬ್ದವಾಗಿತ್ತು. ಎರಡನೆಯ ಕಂತಿಗೆ ಇನ್ನೂ ಅರ್ಧ ಗಂಟೆ. ಅಪ್ಪ ಏಳುತ್ತಿದ್ದದ್ದು ಇದೇ ಹೊತ್ತಿಗೆ.

ಚೊಂಬು ಹಿಡಿದು ಕತ್ತಲಲ್ಲೇ ಕೆರೆ ಹಿಂದಲ ಹೊಲದ ಕಡೆಗೆ ಹೋಗುತ್ತಿದ್ದ. ಕನ್ನಡದಲ್ಲಿ ಆ ಕೆಲಸಕ್ಕೆ ಹೆಸರುಗಳಿಗೇನೂ ಬರವಿಲ್ಲ. ಹೊರಕಡೆ, ಬಯಲಕಡೆ, ಕೆರೆಕಡೆ, ಎರಡಕ್ಕೆ. ನೋಡಿದರೆ ಎಲ್ಲವೂ ದಿಕ್ಕುಗಳು, ಇಲ್ಲವೇ ಅಂಕಿಗಳು. ಕೆಲಸದ ಹೆಸರು ಅದರಲ್ಲಿ ಒಂದೂ ಇಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುವವನಿಗೆ ರಕ್ತ ಕಂಡಿದ್ದು ಯಾವಾಗಲೋ ಏನೋ. ಕಂಡ ಮೇಲೂ ಸುಮಾರು ಒಂದು ವರ್ಷ ಯಾರಿಗೂ ಹೇಳಲಿಲ್ಲ. ಮೂಲವ್ಯಾಧಿ, ಉಷ್ಣ ಎಂದು ತಾನೇ ತೀರ್ಮಾನ ಮಾಡಿಕೊಂಡು ಮಜ್ಜಿಗೆ ಕುಡಿದ. ಹೊಲದ ಬದುವಿನಿಂದ ಮುಟ್ಟಿದರೆ ಮುನಿ ಸೊಪ್ಪು ಕಿತ್ತು ತಂದು ಅರೆದು ಕುಡಿದ. ಆ ಗಿಡಕ್ಕೆ ಮಲೆನಾಡಿನ ಕಡೆ ನಾಚಿಕೆಮುಳ್ಳು ಅನ್ನುತ್ತಾರೆ. ಪಂಚೆ ಒಗೆಯುವಾಗ ಅವ್ವನಿಗೆ ಕಲೆ ಕಂಡಿತ್ತು. ಅವಳು ಎರಡು ತಿಂಗಳು ಕಲೆಯನ್ನು ಉಜ್ಜಿ ಉಜ್ಜಿ ತೆಗೆದಳೇ ಹೊರತು ಮಕ್ಕಳ ಮುಂದೆ ಬಾಯಿಬಿಡಲಿಲ್ಲ, ಗಂಡಸಿನ ಮಾನ ಎಂದು. ನಾನು ಆಗ ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದೆ. “ಯಾಕಪ್ಪ ಇಳಿದು ಹೋಗಿದ್ದೀಯ?” ಎಂದರೆ “ವಯಸ್ಸಾಯ್ತಲ್ಲ ಮಗ” ಅಂದ. ವಿಜ್ಞಾನದ ಮೇಷ್ಟ್ರು ಅದನ್ನು ನಂಬಿಕೊಂಡು, ಅವರೆಕಾಯಿ ಕಟ್ಟಿಸಿಕೊಂಡು ಬಸ್ಸು ಹತ್ತಿದ. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಲಿವರಿಗೆ ಹರಡಿತ್ತು. ಆಪರೇಷನ್ ಆದ ಮೇಲೆ ಎಂಟು ತಿಂಗಳು ಇದ್ದ.

ನಾಲ್ಕಕ್ಕೆ ಅಲಾರಾಂ ಹೊಡೆಯಿತು. ಉಳಿದ ಲೀಟರನ್ನು ಈ ಸಲ ಮುಖ ಕಿವುಚದೆ ಕುಡಿದೆ.

ಆರೂವರೆಗೆ ಆಸ್ಪತ್ರೆಯಿಂದ ಫೋನು. “ಸಾರ್, ಕಲರ್ ಹೇಗಿದೆ?” ನಾನು ಫೋನನ್ನು ಹೆಂಡತಿಗೆ ದಾಟಿಸಿದೆ. ಅವಳು ನನ್ನ ಕಡೆ ತಿರುಗಿ, “ಬೇಳೆಕಟ್ಟಿನ ಥರ ಇದ್ಯಾ, ಎಳನೀರಿನ ಥರ ಇದ್ಯಾ ಅಂತ ಕೇಳ್ತಿದಾರೆ” ಎಂದಳು. ನರ್ಸು ಹಾಗೆ ಕೇಳಿರಲಾರರು, ಅಡುಗೆಮನೆಯ ಭಾಷಾಂತರ ಇವಳದು. ಮೂತ್ರದ ಹಾಗೆ ತಿಳಿಹಳದಿ ನೀರಾಗಿ, ಕೆಳಗಿನ ಪಿಂಗಾಣಿ ಕಾಣುವಂತಿರಬೇಕು. ಮಡ್ಡಿ ಇದ್ದರೆ, ಡಾಕ್ಟರು ಹುಡುಕುವ ಕರುಳಿನ ಗೋಡೆಯ ಪುಟ್ಟ ಗಂಟುಗಳು ಅದರ ಹಿಂದೆ ಅಡಗಿ ತಪ್ಪಿಸಿಕೊಳ್ಳುತ್ತವೆ, ಇಷ್ಟೆಲ್ಲ ಪಟ್ಟ ಪಾಡು ದಂಡ, ಇನ್ನೊಂದು ದಿನ ಮತ್ತೆ ಮೊದಲಿನಿಂದ. ಎಳನೀರು ಎಂದೆ. ಎಂಟರ ನಂತರ ಒಂದು ಹನಿಯೂ ಬೇಡ, ಹತ್ತಕ್ಕೆ ಬನ್ನಿ, ಜೊತೆಗೊಬ್ಬರು ಇರಲೇಬೇಕು ಎಂದರು.

ಪಕ್ಕದ ಮನೆಯವರು ಗೇಟಿನಲ್ಲಿ ಸಿಕ್ಕರು. “ಬೆಳಬೆಳಗ್ಗೆ ಎಲ್ಲಿಗೋ ಹೊರಟ್ರಿ?” “ನಂಜನಗೂಡಿಗೆ” ಅಂದೆ. ನಂಜುಂಡೇಶ್ವರನ ಹೆಸರಿನಲ್ಲಿ ಆ ದಿನದ ಮೊದಲ ಸುಳ್ಳು. 2021ರ ನವೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಬೈಡನ್ ಇದೇ ಪರೀಕ್ಷೆಗೆ ಹೋಗುವಾಗ ಇಡೀ ಜಗತ್ತಿಗೆ ಹೇಳಿ ಹೋದರು. ಅರಿವಳಿಕೆಯಲ್ಲಿರುವವನ ಕೈಯಲ್ಲಿ ದೇಶ ಇರಬಾರದಲ್ಲ. 85 ನಿಮಿಷದ ಮಟ್ಟಿಗೆ ಅಧಿಕಾರವನ್ನು ಉಪಾಧ್ಯಕ್ಷೆ ಕಮಲಾ ಹ್ಯಾರಿಸ್‌ಗೆ ಬರೆದುಕೊಟ್ಟರು. ಅಮೆರಿಕದ ಅಧ್ಯಕ್ಷರ ಅಧಿಕಾರ ಒಬ್ಬ ಹೆಣ್ಣುಮಗಳ ಕೈಗೆ ಬಂದದ್ದು ಅದೇ ಮೊದಲು, ಅದೂ ತಮಿಳುನಾಡಿನ ತಾಯಿಯ ಮಗಳ ಕೈಗೆ. ಬುಷ್ 2002ರಲ್ಲೂ 2007ರಲ್ಲೂ ಹಾಗೇ ಮಾಡಿದ್ದರು. ನಾನು ಬರೆದುಕೊಡಬೇಕಾಗಿದ್ದದ್ದು ಮನೆಯ ಬೀಗದಕೈ ಮಾತ್ರ. ಅದಕ್ಕೆ ನಂಜನಗೂಡು ಬೇಕಾಯಿತು.

ಆಸ್ಪತ್ರೆಯಲ್ಲಿ ನನಗಿದ್ದ ದೊಡ್ಡ ಭಯ ನನ್ನ ಹಳೆಯ ಶಿಷ್ಯರು. ಮೈಸೂರಿನಲ್ಲಿ ಬ್ಯಾಂಕಿಗೆ ಹೋದರೆ ಒಬ್ಬ, ಆರ್‌ಟಿಒ ಆಫೀಸಿಗೆ ಹೋದರೆ ಇಬ್ಬರು “ನಮಸ್ಕಾರ ಸಾರ್” ಎಂದು ಎದ್ದು ನಿಲ್ಲುತ್ತಾರೆ. ಇಲ್ಲಿ ಯಾರು ಎದ್ದು ನಿಂತರೂ ಕಷ್ಟ. ನರ್ಸು, ಟೆಕ್ನಿಷಿಯನ್ನು, ವಾರ್ಡ್‌ಬಾಯ್, ಎಲ್ಲರ ಮುಖವನ್ನೂ ಕಳ್ಳನೋಟದಲ್ಲಿ ನೋಡಿದೆ. ಯಾರೂ ಇಲ್ಲ. ನಿಟ್ಟುಸಿರು ಬಿಟ್ಟೆ. ಆಮೇಲೆ, ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟು ಒಬ್ಬನೂ ಈ ಕಡೆ ಬಂದಿಲ್ಲವಲ್ಲ ಎಂದು ಸಣ್ಣಗೆ ಬೇಸರವೂ ಆಯಿತು.

ಒಪ್ಪಿಗೆ ಪತ್ರವನ್ನು ಪ್ರಶ್ನೆಪತ್ರಿಕೆಯ ಹಾಗೆ ಪೂರ್ತಿ ಓದಿದೆ. ರಕ್ತಸ್ರಾವವಾಗಬಹುದು, ಕರುಳಿಗೆ ತೂತು ಬೀಳಬಹುದು. ತೂತು ಬೀಳುವುದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದರು ಡಾಕ್ಟರು. ಗಂಟು ಕತ್ತರಿಸಿದ ಕಡೆ ಆಮೇಲೆ ರಕ್ತ ಬರುವುದು ಅದಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ನಿಲ್ಲಿಸಬಹುದಂತೆ. ಸಹಿ ಹಾಕಿದೆ. ಕೈಗೆ ಒಂದು ನೀಲಿ ಚಡ್ಡಿ ಬಂತು, ಕಾಗದದಂಥ ಬಟ್ಟೆಯದು, ಅದಕ್ಕೊಂದು ಕಿಂಡಿ. ಇಷ್ಟು ವರ್ಷ ಬಟ್ಟೆಯಲ್ಲಿ ಕಿಂಡಿ ಮುಂದಿರುವುದನ್ನೇ ಕಂಡವನು ಮುಂದಕ್ಕೇ ಹಾಕಿಕೊಂಡು ಬಂದೆ. “ಸಾರ್, ಕಿಂಡಿ ಹಿಂದಕ್ಕೆ” ಎಂದು ನರ್ಸು ಮುಖದ ಗೆರೆ ಅಲುಗಿಸದೆ ಹೇಳಿದರು. ದಿನಕ್ಕೆ ಹತ್ತು ಮಂದಿಗೆ ಹೇಳಿ ರೂಢಿಯಾದ ದನಿ. ಆ ದನಿಗೆ ನನ್ನ ನಾಚಿಕೆ ಅರ್ಧಕ್ಕರ್ಧ ಇಳಿಯಿತು.

ಎಡಮಗ್ಗುಲಾಗಿ, ಮಂಡಿ ಎದೆಗೆ ಮಡಚಿ ಮಲಗಬೇಕು. ಚಳಿಗಾಲದಲ್ಲಿ ಕಣ ಕಾಯುವಾಗ ಗೋಣಿಚೀಲ ಹೊದ್ದು ಹಾಗೆ ಮಲಗುತ್ತಿದ್ದೆವು. ಬೆರಳಿಗೊಂದು ಕ್ಲಿಪ್ಪು, ಮೂಗಿಗೆ ಆಮ್ಲಜನಕದ ನಳಿಕೆ, ಮುಂಗೈಯ ಸೂಜಿಗೆ ಅರಿವಳಿಕೆಯವರು ಔಷಧ ಏರಿಸಿದರು. ಅದು ಹಾಲಿನ ಹಾಗೆ ಬೆಳ್ಳಗಿತ್ತು. ಅಂತೂ ಎರಡು ದಿನದ ಮೇಲೆ ಹಾಲು ಕಂಡಿತು, ಕೈ ಮುಖಾಂತರ ಅಷ್ಟೆ, ಎಂದುಕೊಂಡೆ. ಅದನ್ನು ಜೋರಾಗಿ ಹೇಳಿದೆನೋ ಇಲ್ಲವೋ ತಿಳಿಯದು. “ಶುರು ಮಾಡ್ತೀರಾ?” ಎಂದು ಕೇಳಿದಾಗ “ಮುಗೀತು ಸಾರ್” ಎಂದರು. ಅರಿವಳಿಕೆ ಇಲ್ಲದೆ ಎಚ್ಚರವಾಗಿದ್ದುಕೊಂಡೇ ಮಾಡಿಸಿಕೊಳ್ಳುವವರೂ ಇದ್ದಾರೆ. ಅವರಿಗೆ ತಿರುವುಗಳಲ್ಲಿ ಹೊಟ್ಟೆ ಉಬ್ಬಿ ನುಲಿದಂತಾಗುತ್ತದೆ, ಬಹುಪಾಲು ಜನ ತಡೆದುಕೊಳ್ಳುತ್ತಾರೆ ಎಂದು ಆಮೇಲೆ ಕೇಳಿದೆ. ನನ್ನ ಕುತೂಹಲ ಅಷ್ಟು ದೊಡ್ಡದಲ್ಲ.

ನಾನು ಇಲ್ಲದಾಗ ನಡೆದದ್ದನ್ನು ಡಾಕ್ಟರು ಫೋಟೊ ತೋರಿಸಿ ವಿವರಿಸಿದರು. ಬೆರಳು ದಪ್ಪದ, ಬಳುಕುವ ನಳಿಕೆ ಎಡಗಡೆಯಿಂದ ಮೇಲೇರಿ, ಹೊಟ್ಟೆಗೆ ಅಡ್ಡಲಾಗಿ ಸಾಗಿ, ಬಲಗಡೆ ಕೆಳಗಿಳಿದು, ಅಪೆಂಡಿಕ್ಸಿನ ಬಾಯಿ ಕಂಡಿತೆಂದರೆ ಕೊನೆ ಮುಟ್ಟಿದಂತೆ. ಮುದುಡಿಕೊಂಡಿರುವ ಕರುಳನ್ನು ಗಾಳಿ ಊದಿ ಬಿಡಿಸಿಕೊಂಡು ಹೋಗುತ್ತಾರೆ. ನಿಜವಾದ ನೋಟ ಹೋಗುವಾಗ ಅಲ್ಲ, ಬರುವಾಗ. ಹಿಂದಕ್ಕೆ ಎಳೆದುಕೊಳ್ಳುತ್ತ ಕಡಿಮೆಯೆಂದರೂ 6 ನಿಮಿಷ ಮಡಿಕೆ ಮಡಿಕೆ ನೋಡಬೇಕಂತೆ. ನಮ್ಮ ಶಾಲೆಗೆ ಬರುತ್ತಿದ್ದ ಒಬ್ಬ ಇನ್‌ಸ್ಪೆಕ್ಟರು ಹೀಗೇ. ಹಿಂದಿನ ದಿನ ನಾವು ಗುಡಿಸಿ, ಸಾರಿಸಿ, ತೋರಣ ಕಟ್ಟಿರುತ್ತಿದ್ದೆವು. ಅವರು ಯಾವ ಕ್ಲಾಸಿನ ಕಡೆಗೂ ಕಣ್ಣು ಹಾಯಿಸದೆ ನೆಟ್ಟಗೆ ಕೊನೆಯ ಕೋಣೆಗೆ ಹೋಗಿ, ಅಲ್ಲಿಂದ ಹಿಂತಿರುಗುತ್ತ ಒಂದೊಂದೇ ಬಾಗಿಲಲ್ಲಿ ನಿಲ್ಲುತ್ತಿದ್ದರು. ಸಿಕ್ಕಿಬೀಳುತ್ತಿದ್ದದ್ದು ಆಗ.

ಮೈಯೊಳಗೆ ನಳಿಕೆ ಇಳಿಸಿ ನೋಡುವ ಆಸೆ ಹಳೆಯದು. 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯ ಜಠರದೊಳಗೆ ನೆಟ್ಟನೆಯ ಕೊಳವೆ ಇಳಿಸಲು ಕತ್ತಿ ನುಂಗುವ ಆಟದವನನ್ನು ಕರೆಸಿಕೊಂಡ. ಆ ಕಡೆಗೆ ಆಟದವನು ಸಿಕ್ಕ, ಈ ಕಡೆಗೆ ಎಲ್ಲಿಂದ ತರುವುದು? ಕೊಳವೆಯೇ ಬಾಗಬೇಕು, ಅದರೊಳಗೆ ಬೆಳಕೂ ಬಾಗಬೇಕು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಡೆಹ್ರಾಡೂನಿನಲ್ಲಿ ಓದುವಾಗ ಮೇಷ್ಟ್ರು “ಬೆಳಕು ನೇರವಾಗಿಯೇ ಚಲಿಸುತ್ತದೆ” ಎಂದರಂತೆ, ಹುಡುಗನಿಗೆ ಒಪ್ಪಿಗೆಯಾಗಲಿಲ್ಲ. 1954ರಲ್ಲಿ ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಎಂಬ ವಿಜ್ಞಾನಿಯ ಜೊತೆ ಸೇರಿ ಗಾಜಿನೆಳೆಗಳ ಕಟ್ಟಿನೊಳಗೆ ಚಿತ್ರವನ್ನೇ ಬಾಗಿಸಿ ಕಳಿಸಿದ. ಅಲ್ಲಿಂದ ಹದಿನೈದು ವರ್ಷಕ್ಕೆ, 1969ರಲ್ಲಿ, ನ್ಯೂಯಾರ್ಕಿನಲ್ಲಿ ವುಲ್ಫ್ ಮತ್ತು ಶಿನ್ಯಾ ಎಂಬ ಇಬ್ಬರು ಇಂಥ ನಳಿಕೆಯ ತುದಿಯಿಂದ ತಂತಿಯ ಕುಣಿಕೆ ಹಾಕಿ, ಹೊಟ್ಟೆ ಕೊಯ್ಯದೆಯೇ ಕರುಳಿನ ಗಂಟು ತೆಗೆದರು. ಈಗ ತುದಿಯಲ್ಲೇ ಪುಟ್ಟ ಕ್ಯಾಮೆರಾ ಇರುತ್ತದೆ. ಬೆಳಕು ನೇರವಾಗಿಯೇ ಚಲಿಸುತ್ತದೆಂದು ನಾನೂ ಮೂವತ್ತೊಂದು ವರ್ಷ ಹೇಳಿದ್ದೇನೆ. ನನ್ನ ಕ್ಲಾಸಿನಲ್ಲಿ ಯಾರೂ ಅನುಮಾನಪಡಲಿಲ್ಲ.

ನನ್ನ ಒಳಗೆ ಎರಡು ಸಿಕ್ಕವು, 4 ಮಿಲಿಮೀಟರಿನದೊಂದು, 8ರದೊಂದು. ಫೋಟೊದಲ್ಲಿ ಮಳೆಗಾಲದ ಅಣಬೆಯ ಮೊಗ್ಗಿನ ಹಾಗಿದ್ದವು. ಕುಣಿಕೆ ಬಿಗಿದು ಕತ್ತರಿಸಿ, ಬಾಟಲಿಗೆ ಹಾಕಿ ಕಳಿಸಿದ್ದರು. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ಇಂಥವೆಲ್ಲ ಕ್ಯಾನ್ಸರ್ ಆಗುವುದಿಲ್ಲ, ಆಗುವಂಥವಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು ಎಂದರು. ಹತ್ತು ವರ್ಷ! ಅಪ್ಪನ ಒಳಗೂ ಅದು ಹಾಗೇ ಕೂತು ಕಾದಿತ್ತು ಎಂದಾಯಿತು.

ಎಚ್ಚರವಾದವರನ್ನು ಮಲಗಿಸುವ ಕೋಣೆಯಲ್ಲಿ ಪರದೆ ಎಳೆದ ಆರು ಮಂಚ. ಊದಿದ ಗಾಳಿ ಹೊರಗೆ ಬರಬೇಕಲ್ಲ. “ಗ್ಯಾಸ್ ಬಿಡಿ ಸಾರ್, ತಡ್ಕೋಬೇಡಿ” ಎಂದು ನರ್ಸಮ್ಮ ಮಂಚದಿಂದ ಮಂಚಕ್ಕೆ ಹೇಳಿಕೊಂಡು ಹೋದರು. ಒಂದು ಸಲ ಎಂಟನೇ ಕ್ಲಾಸಿನ ಹುಡುಗನೊಬ್ಬ ಹೂಸು ಬಿಟ್ಟನೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಇಲ್ಲಿ ಬಿಡದವರಿಗೆ ಬೈಗುಳ. ಮೊದಲು ಮೂರನೇ ಪರದೆಯ ಹಿಂದಿನಿಂದ ಒಂದು ಸಣ್ಣ ದನಿ, ಅದಕ್ಕೆ ಗೋಡೆಬದಿಯವರ ಉತ್ತರ, ಆಮೇಲೆ ಯಾರಿಗೆ ಯಾರೂ ಕಾಯಲಿಲ್ಲ. ನಾನೂ ನನ್ನ ಪಾಲಿನದನ್ನು ಸಲ್ಲಿಸಿದೆ. ಮುಖ ನೋಡದ ಆರು ಜನರ ನಡುವೆ ಅಂಥ ಸಲಿಗೆ ನಾನು ಬೇರೆಲ್ಲೂ ಕಂಡಿಲ್ಲ.

ಅವತ್ತು ಗಾಡಿ ಓಡಿಸಬೇಡಿ, ಯಾವ ಪತ್ರಕ್ಕೂ ಸಹಿ ಹಾಕಬೇಡಿ, ಹೊಟ್ಟೆ ತಡೆಯಲಾರದಷ್ಟು ನೋವಾದರೆ, ಜ್ವರ ಬಂದರೆ, ರಕ್ತ ನಿಲ್ಲದೆ ಹೋದರೆ ಹೊತ್ತು ನೋಡದೆ ಬನ್ನಿ ಎಂದು ಹೇಳಿ ಕಳಿಸಿದರು. ಯಾವುದೂ ಆಗಲಿಲ್ಲ. ಎದುರುಗಡೆ ಹೋಟೆಲಿನಲ್ಲಿ ಎರಡು ಇಡ್ಲಿ, ಹಾಲು ಹಾಕಿದ ಕಾಫಿ. ಆ ಕಾಫಿಯ ಬಗ್ಗೆ ಬೇರೆಯೇ ಒಂದು ಪ್ರಬಂಧ ಬರೆಯಬೇಕು.

ಹತ್ತನೇ ದಿನ ರಿಪೋರ್ಟು ಬಂತು. ಎರಡೂ ಅಡಿನೋಮ, ಅಂದರೆ ಬಿಟ್ಟಿದ್ದರೆ ಮುಂದೆ ಕೆಡಬಹುದಾಗಿದ್ದವು, ಇನ್ನೂ ಕೆಟ್ಟಿರಲಿಲ್ಲ. ಐದು ವರ್ಷಕ್ಕೆ ಮತ್ತೆ ಬನ್ನಿ ಎಂದರು. ಡಾಕ್ಟರಮ್ಮ ಕೊನೆಗೆ, “ಒಡಹುಟ್ಟಿದವರು ಎಷ್ಟು ಜನ ಸಾರ್?” ಎಂದು ಕೇಳಿದರು.

ಊರಿನಲ್ಲಿರುವ ತಮ್ಮನಿಗೆ ಆ ಸಂಜೆಯೇ ಫೋನ್ ಮಾಡಿದೆ. ಅವನಿಗೆ ಐವತ್ತನಾಲ್ಕು. “ಕೊಲೊನೋಸ್ಕೋಪಿ ಅಂತ ಕಣೋ” ಎಂದು ಶುರುಮಾಡಿದೆ. ಅದೇನು ಎಂದ. ದೊಡ್ಡಕರುಳಿನ ಒಳಗೆ ಕ್ಯಾಮೆರಾ ಬಿಟ್ಟು ನೋಡ್ತಾರೆ ಎಂದೆ. ಎಲ್ಲಿಂದ ಬಿಡ್ತಾರೆ ಎಂದ. ಹೇಳಿದೆ, ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಬರೆದು ಸುಮ್ಮನಾಗುತ್ತಿದ್ದ ಆ ಪದವನ್ನೇ. ಆ ಕಡೆ ದನಿ ಇಳಿಯಿತು. “ಅಣ್ಣಯ್ಯ, ಅಕ್ಕಪಕ್ಕ ಯಾರಾದ್ರೂ ಅವ್ರಾ?” ಅವನು ಫೋನು ಹಿಡಿದುಕೊಂಡು ಜಗುಲಿ ಇಳಿದು ಕೊಟ್ಟಿಗೆಯ ಕಡೆ ನಡೆದದ್ದು ಕೇಳಿಸಿತು, ಎಮ್ಮೆಯೊಂದು ಕೂಗಿತು. ಅಪ್ಪನ ವಿಷಯ ಹೇಳಿದೆ. ಅವ್ವ ಪಂಚೆ ಉಜ್ಜುತ್ತಿದ್ದದ್ದನ್ನು ಹೇಳಿದೆ. ಪುಡಿ, ಎರಡು ಲೀಟರು, ಲಾಡಿ, ಕಿಂಡಿ, ಯಾವುದನ್ನೂ ಬಿಡದೆ ಹೇಳಿದೆ. ಅವನು ಹ್ಞೂಂ ಎನ್ನುತ್ತಲೇ ಇದ್ದ. ನಗಲೂ ಇಲ್ಲ, ಬೇಡ ಅನ್ನಲೂ ಇಲ್ಲ.

“ಮುದ್ದೆ ಎಷ್ಟ್ ದಿನ ಬಿಡ್ಬೇಕು ಅಂದೆ?”

“ಮೂರು ದಿನ.”

ಸ್ವಲ್ಪ ಹೊತ್ತು ಎಮ್ಮೆಯ ಉಸಿರು ಮಾತ್ರ ಕೇಳಿಸಿತು.

“ಎರಡೂ ಹೊತ್ತೂವಾ?”